ಗಂಟಲಣ್ಣ ಮುಚ್ಚಳ ಮುಚ್ಚಿದ್ದು

ನನ್ನ ಅಂಗಡಿಗೆ ಬರುವವರೆಲ್ಲ ಕೇಳುವುದು ಒಂದೇ. ಲ್ಯಾಪ್‌ಟಾಪ್ ಗಾಳಿಯ ಹಾಗೆ ಓಡಬೇಕು, ಬ್ಯಾಟರಿ ಸಂಜೆಯವರೆಗೂ ಬರಬೇಕು. "ಎರಡರಲ್ಲಿ ಒಂದನ್ನ ಆರಿಸ್ಕೊಳ್ಳಿ" ಅಂದರೆ, ಇನ್ನೊಂದನ್ನು ನಾನೇ ಎಲ್ಲೋ ಬಚ್ಚಿಟ್ಟುಕೊಂಡಿದ್ದೇನೆ ಅನ್ನುವ ಹಾಗೆ ನೋಡುತ್ತಾರೆ. ಒಳಗಿರುವ ಪ್ರೊಸೆಸರ್ ಎಷ್ಟು ಜೋರಾಗಿ ದುಡಿಯುತ್ತದೋ ಅಷ್ಟು ಬೇಗ ಬ್ಯಾಟರಿಯನ್ನು ಕುಡಿದು ಮುಗಿಸುತ್ತದೆ. ಅದನ್ನು ಹಿಡಿದು ನಿಧಾನ ಮಾಡಿದರೆ ಬ್ಯಾಟರಿ ಉಳಿಯುತ್ತದೆ, ಆದರೆ ಒಂದು ಫೈಲು ತೆರೆಯುವಷ್ಟರಲ್ಲಿ ಎದುರಿಗೆ ಕೂತವನಿಗೆ ಆಕಳಿಕೆ ಬರುತ್ತದೆ. ಇಷ್ಟನ್ನು ಎಷ್ಟು ಜನಕ್ಕೆ ಎಷ್ಟು ವರ್ಷದಿಂದ ಹೇಳುತ್ತಿದ್ದೇನೋ. ಹೇಳಿ ಹೇಳಿ ಸಾಕಾಗಿ, ಈಗ ಯಾರಾದರೂ ಕೇಳಿದರೆ ಸ್ಕ್ರೂಡ್ರೈವರ್ ಹಿಡಿದುಕೊಂಡೇ ತಲೆಯಾಡಿಸಿ ಸುಮ್ಮನಾಗುತ್ತೇನೆ.

ಒಬ್ಬರನ್ನು ಮಾತ್ರ ಹಾಗೆ ತಲೆಯಾಡಿಸಿ ಕಳಿಸಲು ಆಗಲಿಲ್ಲ. ಅವರು ನನ್ನ ಅಕ್ಕನ ಗಂಡ. ಬೇರೆಯವರಿಗೆ ಲ್ಯಾಪ್‌ಟಾಪ್ ನಿಧಾನವಾದರೆ ಕೆಲಸ ನಿಧಾನವಾಗುತ್ತದೆ, ಬ್ಯಾಟರಿ ಮುಗಿದರೆ ಕೆಲಸ ನಿಲ್ಲುತ್ತದೆ. ಭಾವನಿಗೆ ಮಾತೇ ನಿಧಾನವಾಗುತ್ತಿತ್ತು, ಮಾತೇ ನಿಲ್ಲುತ್ತಿತ್ತು.

ಭಾವ ಸಗಟು ತರಕಾರಿ ಮಂಡಿಯಲ್ಲಿ ಈರುಳ್ಳಿ, ಆಲೂಗಡ್ಡೆ ಹರಾಜು ಕೂಗುತ್ತಿದ್ದವರು. ಮಂಡಿಯಲ್ಲಿ ಅವರನ್ನು ಕರೆಯುತ್ತಿದ್ದದ್ದು ಗಂಟಲಣ್ಣ ಎಂದು. ಅವರು ಕಟ್ಟೆಯ ಮೇಲೆ ನಿಂತು ಕೂಗಿದರೆ ಗೇಟಿನ ಹೊರಗೆ ಗಾಡಿ ನಿಲ್ಲಿಸಿಕೊಂಡವನಿಗೂ ಅವತ್ತಿನ ದರ ತಿಳಿಯುತ್ತಿತ್ತು. ದರ ಏರಿಸುವುದರ ನಡುವೆಯೇ ಒಬ್ಬನ ಹೊಟ್ಟೆ, ಇನ್ನೊಬ್ಬನ ಜಿಪುಣತನ, ಮತ್ತೊಬ್ಬನ ಹೊಸ ಶರ್ಟು ಎಲ್ಲವನ್ನೂ ಎಳೆದು ತರುತ್ತಿದ್ದರು. ಬೈಸಿಕೊಂಡವನು ನಗುತ್ತಾ ಇನ್ನಷ್ಟು ಏರಿಸುತ್ತಿದ್ದ. ಮನೆಗೆ ಬಂದರೂ ಅದೇ ಬಾಯಿ. ನಾನು ಮದುವೆಯಾಗದೆ ಉಳಿದವನು. "ನಮ್ಮ ಭಾಮೈದನನ್ನ ಯಾರಾದರೂ ಕೊಂಡ್ಕೊಳ್ಳಿ, ಮೇಲೆ ಸ್ವಲ್ಪ ಬಾಡಿದೆ, ಒಳಗೆ ಗಟ್ಟಿ ಇದೆ, ಒಂದು ಸಾರಿ, ಎರಡು ಸಾರಿ" ಎಂದು ಬಂದ ನೆಂಟರ ಮುಂದೆಲ್ಲ ನನ್ನನ್ನು ಹರಾಜಿಗಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕ ಅಡುಗೆಮನೆಯೊಳಗೆ ಬಿದ್ದು ಬಿದ್ದು ನಗುತ್ತಿದ್ದಳು.

ಆಮೇಲೆ ಆ ಗಂಟಲಿನಲ್ಲೇ ಗಂಟು ಕಾಣಿಸಿತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು, ದನಿ ಹೋಯಿತು. ಈಗ ಭಾವ ಉಸಿರಾಡುವುದು ಕುತ್ತಿಗೆಯ ಬುಡದಲ್ಲಿ ಮಾಡಿದ ತೂತಿನಿಂದ. ಅಲ್ಲೊಂದು ಸಣ್ಣ ನಳಿಕೆ, ಅದರ ಮೇಲೆ ತೆಳ್ಳನೆಯ ಬಟ್ಟೆ. ಕೂಗುವುದಿರಲಿ, ಪಿಸುಗುಟ್ಟಲೂ ಆಗದು, ನಕ್ಕರೂ ಸದ್ದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಮಂಡಿಯವರಿಗೆ ಅವರನ್ನು ಗಂಟಲಣ್ಣ ಎನ್ನಲು ನಾಲಿಗೆ ಏಳಲಿಲ್ಲ, ಬರೀ ಅಣ್ಣ, ಅಣ್ಣ ಎಂದು ತಡವರಿಸಿದರು. ಭಾವ ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಎತ್ತಿ ತೋರಿಸಿದರು: "ಅಂಗಡಿ ಮುಚ್ಚಿದೆ. ಬೋರ್ಡು ಹಾಗೇ ಇರಲಿ."

ಆ ರಟ್ಟನ್ನು ನೋಡಿ ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಮುಂದೆ ಜಗಳ ಬಂದರೆ ಇರಲಿ ಎಂದು ಮಂಡಿಯ ಸಂಘದವರು ಪ್ರತಿ ಹರಾಜನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಿದ್ದರು. ಅದನ್ನೆಲ್ಲ ಕೇಳಿ ತಂದೆ. ನನ್ನ ಅಂಗಡಿಯಲ್ಲಿದ್ದ ಹಳೆಯ ಗಟ್ಟಿ ಲ್ಯಾಪ್‌ಟಾಪ್ ಒಂದಕ್ಕೆ ತುಂಬಿ, ಬರೆದದ್ದನ್ನು ಭಾವನದೇ ದನಿಯಲ್ಲಿ ಓದಿ ಹೇಳುವ ತಂತ್ರಾಂಶ ಹಾಕಿದೆ. ಭಾವ ಎರಡು ಬೆರಳಿನಲ್ಲಿ ಕುಟ್ಟಬೇಕು, ಅದು ಮಾತಾಡಬೇಕು. ಮೊದಲ ದಿನ ಆ ದನಿ ಕೇಳಿ ಅಕ್ಕ ಮುಖ ಮುಚ್ಚಿಕೊಂಡು ಅತ್ತಳು. ಮಾರನೆಯ ದಿನ ನಕ್ಕಳು. ಕಲಿತದ್ದೆಲ್ಲ ಹರಾಜಿನ ಕಟ್ಟೆಯಿಂದಲೇ ಆದ್ದರಿಂದ ಅದಕ್ಕೆ ಬೇರೆ ರಾಗವೇ ಗೊತ್ತಿರಲಿಲ್ಲ. "ಕುಡಿಯೋಕೆ ನೀರು ಕೊಡು" ಎನ್ನುವುದನ್ನೂ, ಯಾರಾದರೂ ಇದಕ್ಕಿಂತ ಹೆಚ್ಚು ಕೂಗುತ್ತೀರಾ ಎಂದು ಕೇಳುವ ಹಾಗೆ ಹೇಳುತ್ತಿತ್ತು.

"ದನಿ ಬಂತು, ಸಂತೋಷ," ಎಂದಳು ಅಕ್ಕ. "ಆದರೆ ಮನೆಯೊಳಗೆ ದಿನವಿಡೀ ಈರುಳ್ಳಿ ಮಾರಿದ ಹಾಗಾಯ್ತಲ್ಲೋ."

ಫೋನಿನಲ್ಲೂ ಮಾತಾಡಿಸುವ ವ್ಯವಸ್ಥೆ ಇದೆ, ಬ್ಯಾಟರಿಯ ರಗಳೆಯೂ ಕಡಿಮೆ. ಹಾಕಿ ತೋರಿಸಿದೆ. ಅದರ ದನಿ ಬ್ಯಾಂಕಿಗೆ ಫೋನು ಮಾಡಿದರೆ ಕೇಳಿಸುತ್ತದಲ್ಲ, ಆ ಹುಡುಗಿಯದು. ಭಾವ ಅದನ್ನು ಒಂದೇ ಒಂದು ಸಲ ಕೇಳಿ ಫೋನನ್ನು ನನ್ನ ಜೇಬಿಗೆ ತಾವೇ ತುರುಕಿದರು. ಅಲ್ಲಿಗೆ ಆ ಮಾತು ಮುಗಿಯಿತು.

ಮನೆಯಲ್ಲಿ ಕಷ್ಟವಿರಲಿಲ್ಲ. ಮುಂದಿನ ಕೋಣೆಯ ಪ್ಲಗ್ಗು ಕಿಟಕಿಯ ಪಕ್ಕ ಇತ್ತು, ಭಾವನ ಕುರ್ಚಿ ಅಲ್ಲಿಗೇ ಅಂಟಿಕೊಂಡಿತು. ತೊಂದರೆ ಶುರುವಾದದ್ದು ಗೋಡೆ ಬಿಟ್ಟು ಆಚೆ ಹೋದಾಗ. ಮನುಷ್ಯನ ದನಿಯನ್ನು ಆಯಾ ಕ್ಷಣಕ್ಕೆ ಹೊಸದಾಗಿ ಹುಟ್ಟಿಸುವುದು ಆ ಹಳೆಯ ಪ್ರೊಸೆಸರ್‌ಗೆ ಸಣ್ಣ ಕೆಲಸವಲ್ಲ. ಪೂರ್ತಿ ವೇಗ ಕೊಟ್ಟರೆ ಭಾವ ಮೊದಲಿನ ಹಾಗೆಯೇ ತಟ್ಟನೆ ಮಾತಿಗೆ ಮಾತು ಕೊಡುತ್ತಿದ್ದರು, ಆದರೆ ತಿಂಡಿಯ ಹೊತ್ತು ದಾಟುವಷ್ಟರಲ್ಲಿ ಸ್ಕ್ರೀನು ಕಪ್ಪಾಗಿ ಬಾಯಿಗೆ ಬೀಗ ಬೀಳುತ್ತಿತ್ತು. ವೇಗಕ್ಕೆ ಕಡಿವಾಣ ಹಾಕಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತಿತ್ತು, ಆದರೆ ಭಾವ ಕುಟ್ಟಿದ ಮಾತು ಹೊರಗೆ ಬರುವಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಿದ್ದರು.

ಹಾಗೆ ನಿಧಾನ ಮಾಡಿದ್ದ ದಿನಗಳಲ್ಲೇ ಪಕ್ಕದ ಮನೆಯವರು ಮೊಮ್ಮಗುವನ್ನು ನೋಡಲು ಕರೆದರು. ಅಂಗಳದಲ್ಲಿ ಆ ಮನೆಯ ಯಜಮಾನರು ತಾವು ಕೊಂಡ ಹಳೆಯ ಸ್ಕೂಟರನ್ನು ತೋರಿಸಿ ಹೇಗಿದೆ ಎಂದು ಕೇಳಿದರು. ಭಾವ ನಿಂತಲ್ಲೇ ಕುಟ್ಟಿದರು. ಮಾತು ಬರಲಿಲ್ಲ. ಎಲ್ಲರೂ ಒಳಗೆ ಹೋದರು, ಕೂತರು. ಹಸುಗೂಸನ್ನು ತಂದು ಅಕ್ಕನ ಮಡಿಲಲ್ಲಿ ಮಲಗಿಸಿದರು. ಆಗ ಲ್ಯಾಪ್‌ಟಾಪ್ ಬಾಯಿಬಿಟ್ಟಿತು: "ಮುಖವೆಲ್ಲ ಸೊಟ್ಟ ಆಗಿದೆ, ಯಾರೋ ಟೋಪಿ ಹಾಕಿದ್ದಾರೆ, ಗುಜರಿಗೆ ಕೊಟ್ಟುಬಿಡಿ!" ಅದೂ ಹರಾಜಿನ ರಾಗದಲ್ಲಿ. ಆ ಮನೆಯವರು ಇವತ್ತಿಗೂ ಅಕ್ಕನನ್ನು ಕಂಡರೆ ಅರ್ಧ ಮುಖದಲ್ಲಷ್ಟೇ ನಗುತ್ತಾರೆ.

ನನಗೆ ಆ ಕಥೆ ಕೇಳಿ ನಗು ತಡೆಯಲಾಗಲಿಲ್ಲ. ಭಾವ ನಗಲಿಲ್ಲ. ಆಮೇಲೆ ಯಾರ ಮನೆಗೂ ಹೋಗುವುದಿಲ್ಲ ಎಂದುಬಿಟ್ಟರು.

ಸಂಘದವರು ಅವರನ್ನು ಕೈಬಿಟ್ಟಿರಲಿಲ್ಲ. ತೂಕದ ಕೋಣೆಯಲ್ಲಿ ಚೀಟಿ ಬರೆಯುವ ಕೆಲಸ ಕೊಟ್ಟಿದ್ದರು. ಕೆಲಸವೇನೋ ಸರಿ, ಆದರೆ ಆ ಕೋಣೆಯ ಕಿಟಕಿಗೆ ಹರಾಜು ಕಟ್ಟೆ ನೇರ ಕಾಣುತ್ತದೆ. ತನ್ನ ಜಾಗದಲ್ಲಿ ಬೇರೊಬ್ಬ ನಿಂತು ಕೂಗುವುದನ್ನು ಕೇಳುತ್ತಾ, ಅಲ್ಲಿ ಇನ್ನೂ ಏರಿಸಬಹುದಿತ್ತು, ಇಲ್ಲಿ ಸ್ವಲ್ಪ ತಡೆಯಬೇಕಿತ್ತು ಎಂದು ಒಳಗೊಳಗೇ ಹಲ್ಲು ಕಡಿಯುತ್ತಾ, ಭಾವ ಮೂಟೆಯ ತೂಕ ಬರೆಯುತ್ತಿದ್ದರು. ಸಂಜೆ ಮನೆಗೆ ಬಂದರೆ ಅನ್ನದ ತಟ್ಟೆಯ ಮುಂದೆ ಕೂತು ಗೋಡೆ ನೋಡುತ್ತಿದ್ದರು. ಆ ಒಂದು ವರ್ಷದಲ್ಲಿ ಅವರಿಗೆ ಹತ್ತು ವರ್ಷ ಹೆಚ್ಚು ವಯಸ್ಸಾದ ಹಾಗೆ ಕಂಡಿತು. ಅಕ್ಕನಿಗೂ ಹಾಗೇ. ಅವಳ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಕೇಳಿದರೆ "ಏನಿಲ್ಲ, ಸುಸ್ತು" ಎನ್ನುತ್ತಿದ್ದಳು.

ಹೀಗಿರುವಾಗ ಕಟ್ಟೆಯ ಮೇಲಿದ್ದವನು ಬೇರೆ ಮಂಡಿಗೆ ಹೊರಟ. ಸಂಘದ ಕಾರ್ಯದರ್ಶಿ ತೂಕದ ಕೋಣೆಗೆ ಬಂದರು.

"ಗಂಟಲಣ್ಣ, ಒಂದು ದಿನ ನೀವು ನಿಂತು ತೋರಿಸಿ. ಮೂಟೆಗಳ ಮೊದಲ ಲಾಟಿನಿಂದ ಕೊನೇ ಲಾಟಿನವರೆಗೆ ನಡೆಸಿದ್ರೆ ಕಟ್ಟೆ ನಿಮ್ಮದು. ನಡುವೆ ಕೈ ಕೊಟ್ರೆ ನನ್ನನ್ನ ಬೈಕೋಬೇಡಿ, ಹೊರಗಿನವನನ್ನ ಕರೀಬೇಕಾಗುತ್ತೆ."

ಅವತ್ತು ಪೂರ್ತಿ ವೇಗವಿತ್ತು. "ಕೈ ಕೊಡೋದು ನಿಮ್ಮ ತಕ್ಕಡಿ, ನಾನಲ್ಲ," ಎಂದಿತು ಲ್ಯಾಪ್‌ಟಾಪ್ ಆ ಕ್ಷಣವೇ. ಕಾರ್ಯದರ್ಶಿ ನಕ್ಕು ಭಾವನ ಬೆನ್ನು ತಟ್ಟಿದರಂತೆ.

ಭಾವ ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದರು. ಬ್ಯಾಟರಿ ಆಗಲೇ ಸತ್ತಿತ್ತು. ನಾನು ಚಾರ್ಜರ್ ಹಾಕಿಕೊಟ್ಟ ಮೇಲೆ ಕುಟ್ಟಿದರು. "ಭಾಮೈದ, ನನ್ನ ಕೈಲಿ ಇನ್ನು ಚೀಟಿ ಬರೆಯೋಕಾಗಲ್ಲ. ಇದನ್ನೊಂದು ಮಾಡಿಕೊಡು." ದನಿ ಎಂದಿನ ಹಾಗೆ ಗೆಲುವಾಗಿಯೇ ಇತ್ತು. ಆದರೆ ಕುಟ್ಟಿದವರ ಕಣ್ಣು ನೋಡಿದರೆ ಕೈಮುಗಿದು ಬೇಡುತ್ತಿದ್ದ ಹಾಗಿತ್ತು.

ಇಲ್ಲ ಎನ್ನುವುದು ಹೇಗೆ?

ಮಂಡಿಯ ಕಟ್ಟೆಯ ಹತ್ತಿರ ಪ್ಲಗ್ಗಿಲ್ಲ. ವಯರು ಎಳೆದರೆ ಕೈಗಾಡಿಯ ಚಕ್ರಕ್ಕೆ ಸಿಕ್ಕಿ ತುಂಡಾಗುತ್ತದೆ, ಅಲ್ಲದೆ ನೆಲವೆಲ್ಲ ತೊಳೆದ ನೀರು. ಹೊಸ ಬ್ಯಾಟರಿ ಹಾಕೋಣವೆಂದರೆ ಆ ಮಾದರಿಯದನ್ನು ಮಾಡುವುದನ್ನೇ ನಿಲ್ಲಿಸಿದ್ದರು. ಹುಡುಕಿ ತಂದ ಒಂದು ನಕಲಿ ಮಾಲು ಅಂಗಡಿಯಲ್ಲಿಟ್ಟ ವಾರದಲ್ಲೇ ಊದಿಕೊಂಡಿತು. ಇರುವುದರಲ್ಲೇ ಏಗಬೇಕಿತ್ತು. ಸ್ಕ್ರೀನಿನ ಬೆಳಕು ಇಳಿಸಿದೆ, ಫ್ಯಾನಿನ ಧೂಳು ತೆಗೆದೆ, ಬೇಡದ ತಂತ್ರಾಂಶಗಳನ್ನೆಲ್ಲ ಕಿತ್ತೆಸೆದೆ. ಕಟ್ಟೆಯ ಮೇಲೆ ಕೂಗುವುದಕ್ಕೆ ಮಂಡಿಯದೇ ಬ್ಯಾಟರಿ ಸ್ಪೀಕರ್ ಡಬ್ಬ ಇದ್ದದ್ದರಿಂದ ಅಷ್ಟು ಭಾರ ಇಳಿಯಿತು. ಪದೇ ಪದೇ ಬೇಕಾಗುವ ಮಾತಿಗೆ ಒಂದೊಂದು ಕೀಲಿ ಗೊತ್ತುಮಾಡಿದೆ. ವೇಗವನ್ನು ಅಷ್ಟು ಇಳಿಸಿ, ಇಷ್ಟು ಏರಿಸಿ, ಮತ್ತೆ ಇಳಿಸಿ ನೋಡಿದೆ. ಏನು ಮಾಡಿದರೂ ಒಂದೋ ಅರ್ಧ ಹರಾಜಿಗೆ ಬಾಯಿ ಕಟ್ಟುತ್ತಿತ್ತು, ಇಲ್ಲವೇ ಒಬ್ಬ ದರ ಕೂಗಿ, ಇನ್ನೊಬ್ಬ ಅದಕ್ಕಿಂತ ಹೆಚ್ಚು ಕೂಗಿದ ಮೇಲೆ ಮೊದಲಿನವನ ದರ ಹೊರಗೆ ಬರುತ್ತಿತ್ತು. ನನಗೆ ತಲೆ ಚಿಟ್ಟು ಹಿಡಿಯಿತು.

ಇನ್ನೇನು ಕೈಚೆಲ್ಲುವುದು ಎಂದುಕೊಂಡು, ಮಂಡಿಗೆ ರಜೆಯಿದ್ದ ಒಂದು ಬೆಳಗ್ಗೆ ಅಕ್ಕನ ಮನೆಗೆ ಹೋದೆ. ಭಾವ ಸ್ನಾನಕ್ಕೆ ಹೋಗಿದ್ದರು. ಬಚ್ಚಲಮನೆಯ ಬಾಗಿಲು ಸ್ವಲ್ಪ ತೆರೆದಿತ್ತು. ಆಚೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್. ಮುಚ್ಚಳ ತೆರೆದಿದೆ, ಸ್ಕ್ರೀನು ಬೆಳಗುತ್ತಿದೆ, ಫ್ಯಾನು ಗುಂಯ್‌ಗುಡುತ್ತಿದೆ. ಯಾರೂ ಮಾತಾಡುತ್ತಿಲ್ಲ. ಒಳಗೆ ನೀರು ಸುರಿಯುವ ಸದ್ದು, ಹೊರಗೆ ಇದು ಬಾಯಿ ತೆರೆದುಕೊಂಡು ಕಾಯುತ್ತಿದೆ.

ನಾನು ಅಲ್ಲೇ ನಿಂತೆ. ಮಾತಿಲ್ಲದ ಹೊತ್ತಿನಲ್ಲಿ ನಿದ್ದೆಗೆ ಹೋಗಲಿ ಎಂದು ಅದಕ್ಕೆ ನಾನೇ ಹೇಳಿಟ್ಟಿದ್ದೆ. ಅದನ್ನು ಯಾರೋ ತೆಗೆದುಹಾಕಿದ್ದರು. ಮತ್ತೆ ಹಾಕಿದ್ದೆ, ಮತ್ತೆ ತೆಗೆದಿದ್ದರು. ತಂತ್ರಾಂಶದ್ದೇ ಕಿತಾಪತಿ ಎಂದುಕೊಂಡಿದ್ದೆ. ಈಗ ಗೊತ್ತಾಯಿತು, ತೆಗೆಯುತ್ತಿದ್ದದ್ದು ಭಾವನೇ. ಬ್ಯಾಟರಿ ಮಾತಿಗೆ ಖರ್ಚಾಗುತ್ತಿದ್ದದ್ದು ಚಿಟಿಕೆಯಷ್ಟು, ಕಾಯುವುದಕ್ಕೆ ಖರ್ಚಾಗುತ್ತಿದ್ದದ್ದು ಬೊಗಸೆಗಟ್ಟಲೆ. ನಾನು ವಾರಗಟ್ಟಲೆ ತಪ್ಪು ಕಡೆ ಜಗ್ಗಾಡಿದ್ದೆ. ಈ ಯಂತ್ರಕ್ಕೆ ನಿಧಾನವಾಗಿ ದಿನವಿಡೀ ಒದ್ದಾಡುವುದಕ್ಕಿಂತ, ಪೂರ್ತಿ ಜೋರಿನಲ್ಲಿ ಒಂದೇ ಉಸಿರಿಗೆ ಕೆಲಸ ಮುಗಿಸಿ ಮಲಗಿಬಿಡುವುದು ಹಗುರ. ಒಂದು ಲಾಟು ಮುಗಿದು ಮುಂದಿನ ಮೂಟೆ ಬಿಚ್ಚಿ, ಜನ ಕೈಯಾಡಿಸಿ, ಮೂಸಿ ನೋಡುವ ಹೊತ್ತಿನಲ್ಲಿ ಮುಚ್ಚಳ ಮುಚ್ಚಿಟ್ಟರೂ ಸಾಕು, ಹರಾಜು ಪೂರ್ತಿ ದಾಟುತ್ತದೆ.

ಭಾವ ತಲೆ ಒರೆಸುತ್ತಾ ಹೊರಗೆ ಬಂದರು. ನನಗೆ ತಾಳ್ಮೆ ಕಡಿಮೆ ಎಂದು ಎಲ್ಲರಿಗೂ ಗೊತ್ತು.

"ಭಾವ, ಇದು ಮಾತಾಡಿ ಸುಸ್ತಾಗ್ತಿಲ್ಲ, ಸುಮ್ಮನೆ ಎಚ್ಚರ ಇದ್ದು ಇದ್ದು ಸುಸ್ತಾಗ್ತಿದೆ. ನೋಡಿ, ಮಾತಿಲ್ಲದಾಗ ಹೀಗೆ ಮಾಡಿ ಸಾಕು," ಎಂದು ಅವರ ಎದುರಿಗೇ ಪಟ್ಟನೆ ಮುಚ್ಚಳ ಮುಚ್ಚಿದೆ.

ಭಾವ ನನ್ನ ಮಣಿಕಟ್ಟನ್ನು ಹಿಡಿದ ಹಿಡಿತಕ್ಕೆ ನನ್ನ ಬೆರಳು ಮರಗಟ್ಟಿದವು. ಕುತ್ತಿಗೆಯ ನಳಿಕೆಯಲ್ಲಿ ಉಸಿರು ಸುಂಯ್ ಸುಂಯ್ ಎಂದು ಸಿಳ್ಳೆ ಹಾಕತೊಡಗಿತು. ಮುಖ ಬಿಳಿಚಿಕೊಂಡಿತು. ಇನ್ನೊಂದು ಕೈಯಲ್ಲಿ ಮುಚ್ಚಳ ಎತ್ತಿ, ಸ್ಕ್ರೀನು ಬೆಳಗುವವರೆಗೆ, ಅಂದರೆ ಒಂದೆರಡು ಉಸಿರಿನಷ್ಟು ಹೊತ್ತು, ಅದನ್ನೇ ದಿಟ್ಟಿಸಿದರು. ಬೆಳಗಿದ ಮೇಲೆ ನನ್ನ ಕೈ ಬಿಟ್ಟರು. ಏನನ್ನೂ ಕುಟ್ಟಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ನಿನಗೆ ಬುದ್ಧಿ ಇದೆಯೇನೋ? ಮುಚ್ಚೋ ಮೊದಲು ಒಂದು ಮಾತು ಕೇಳೋಕಾಗ್ಲಿಲ್ವಾ?"

"ಅವರಿಗೇನಾಯ್ತಕ್ಕ?"

ಅವಳು ಒಲೆ ಆರಿಸಿ, ಗೋಡೆಗೊರಗಿ ನೆಲದ ಮೇಲೆ ಕೂತಳು. "ಆಪರೇಷನ್ ಆದ ಮೇಲೆ ಆಸ್ಪತ್ರೇಲಿ ಒಂದು ದಿನ ನಾನು ಔಷಧಿ ತರೋಕೆ ಕೆಳಗೆ ಹೋಗಿದ್ದೆ. ಆಗ ನಳಿಕೆಯೊಳಗೆ ಕಫ ಕಟ್ಕೊಂಡುಬಿಟ್ಟಿತು. ಉಸಿರಿಲ್ಲ. ಕರೆಯೋ ಗುಂಡಿ ಮಂಚದಿಂದ ಕೆಳಗೆ ಬಿದ್ದಿತ್ತು. ಕೂಗೋಣ ಅಂದ್ರೆ ಗಂಟಲಿಲ್ಲ. ಲೋಟ ತಗೊಂಡು ಮಂಚದ ಕಂಬಿಗೆ ಕುಟ್ಟಿದ್ದಾರೆ, ಕುಟ್ಟಿದ್ದಾರೆ. ಊಟದ ಗಾಡಿ ಸದ್ದು ಅಂದ್ಕೊಂಡ್ರೋ ಏನೋ, ಯಾರೂ ತಿರುಗಿ ನೋಡಲಿಲ್ಲ. ಕಸ ಗುಡಿಸೋ ಹೆಂಗಸು ಅಕಸ್ಮಾತ್ ಒಳಗೆ ಬಂದಿದ್ದಕ್ಕೆ ಉಳಿದ್ರು. ನಾನು ಬಂದಾಗ ಕೈಯಲ್ಲಿ ಲೋಟ ಹಾಗೇ ಹಿಡ್ಕೊಂಡಿದ್ರು."

ನಾನೂ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತೆ.

"ಆ ಯಂತ್ರ ಬಂದಾಗಿನಿಂದ ಮುಚ್ಚಳ ಮುಚ್ಚಿಲ್ಲ. ಅದು ಎದ್ದೇಳೋಕೆ ತಗೊಳ್ಳೋ ಆ ಒಂದು ಚೂರು ಹೊತ್ತಿದೆಯಲ್ಲ, ಅದು ಅವರಿಗೆ ಆಗಲ್ಲ. ರಾತ್ರಿಯೂ ತಲೆದಿಂಬಿನ ಹತ್ತಿರ ಹಾಗೇ ಉರೀತಿರುತ್ತೆ. ಆ ಬೆಳಕು, ಆ ಫ್ಯಾನಿನ ಸದ್ದು. ನನಗೆ ನಿದ್ದೆ ಅನ್ನೋದು ಮರೆತೇಹೋಗಿದೆ ಕಣೋ. ಸಾಕಾಗಿದೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಕಫ ಕಟ್ಟಿದ್ರೆ ಆ ಲ್ಯಾಪ್‌ಟಾಪ್ ಬಂದು ತೆಗಿಯುತ್ತಾ? ತೆಗಿಯೋಳು ನಾನು. ಆದ್ರೂ ಅದನ್ನ ನಂಬ್ತಾರೆ, ನನ್ನನ್ನ ನಂಬಲ್ಲ."

ಕೊನೆಯ ಮಾತು ಹೇಳುವಾಗ ಅವಳಿಗೆ ಅಳು ಬರಲಿಲ್ಲ, ಅಳುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ನನಗೆ ಅಕ್ಕನನ್ನು ನೋಡಿ ಅಯ್ಯೋ ಅನ್ನಿಸಿತು, ಭಾವನನ್ನು ನೆನೆದೂ ಅನ್ನಿಸಿತು, ಇಬ್ಬರ ನಡುವೆ ಕೂತ ಆ ಯಂತ್ರವನ್ನು ಎತ್ತಿ ರಸ್ತೆಗೆಸೆಯಬೇಕು ಅನ್ನಿಸಿತು. ಅದನ್ನು ತಂದುಕೊಟ್ಟವನು ನಾನೇ.

ಬಾಗಿಲ ಬಳಿ ಸದ್ದಾಯಿತು. ಭಾವ ಬಂದು ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ ಗೊತ್ತಿಲ್ಲ. ಒಂದು ಕಂಕುಳಲ್ಲಿ ಲ್ಯಾಪ್‌ಟಾಪ್, ಇನ್ನೊಂದು ಕೈಯಲ್ಲಿ ಹರಾಜಿನ ಮರದ ಸುತ್ತಿಗೆ. ಅಷ್ಟು ವರ್ಷ ಕಟ್ಟೆಯ ಮೇಲೆ ಕುಟ್ಟಿದ ಸುತ್ತಿಗೆ ಅದು, ಕಟ್ಟೆ ಬಿಟ್ಟ ದಿನ ಸಂಘದವರು ಅವರಿಗೇ ಕೊಟ್ಟುಬಿಟ್ಟಿದ್ದರು. ಅದನ್ನು ಅಕ್ಕನಿಗೆ ತೋರಿಸಿ, ಮುಂದಿನ ಕೋಣೆಯ ಕಡೆ ಬೆರಳು ಮಾಡಿದರು. ನಂತರ ಅಕ್ಕನ ಕಡೆ ಬೆರಳು ಮಾಡಿ ಹುಬ್ಬೇರಿಸಿದರು.

"ಬರ್ತೀನಿ ರೀ," ಎಂದಳು ಅಕ್ಕ. "ಕುಟ್ಟಿ, ಬರ್ತೀನಿ. ಬರದೆ ಎಲ್ಲಿಗೆ ಹೋಗಲಿ?"

ಆ ರಜಾದಿನವಿಡೀ ಆ ಮನೆಯಲ್ಲಿ ನಡೆದದ್ದು ಒಂದೇ ಆಟ. ಭಾವ ಕುರ್ಚಿಯಲ್ಲಿ ಕೂತು ಮುಚ್ಚಳ ಮುಚ್ಚುವುದು, ಎದೆ ಹಿಡಿದುಕೊಂಡು ಸ್ವಲ್ಪ ಹೊತ್ತು ಇರುವುದು, ತಡೆಯಲಾಗದೆ ಸುತ್ತಿಗೆ ಕುಟ್ಟುವುದು. ಅಕ್ಕ ಬರುವುದು. ಪಾತ್ರೆ ತೊಳೆಯುತ್ತಿದ್ದರೆ ಒದ್ದೆ ಕೈಯಲ್ಲೇ ಬಂದಳು, ಬಟ್ಟೆ ಒಣಹಾಕುತ್ತಿದ್ದರೆ ಹೆಗಲ ಮೇಲೆ ಒದ್ದೆ ಅಂಗಿಯೊಂದಿಗೆ ಬಂದಳು. ಭಾವ ಏನೂ ಇಲ್ಲ ಎಂದು ಕೈಯಾಡಿಸುತ್ತಿದ್ದರು. ಮೊದಮೊದಲು ಅವಳು ಬರುವ ಮುಂಚೆಯೇ ಮುಚ್ಚಳವನ್ನು ಅರ್ಧ ಎತ್ತಿಬಿಟ್ಟಿರುತ್ತಿದ್ದರು. ಕೊನೆಗೆ ಅಕ್ಕ ರೇಗಿದಳು.

"ಇನ್ನೊಂದು ಸಲ ಸುಮ್ ಸುಮ್ನೆ ಕುಟ್ಟಿದ್ರೆ ಆ ಸುತ್ತಿಗೆನ ಒಲೆಗೆ ಹಾಕ್ತೀನಿ, ನೋಡ್ತಿರಿ!"

ಅವಳು ಅಡುಗೆಮನೆ ತಲುಪುವ ಮೊದಲೇ ಸುತ್ತಿಗೆ ಸದ್ದಾಯಿತು. ಗೊಣಗುತ್ತಾ, ಶಪಿಸುತ್ತಾ, ಸೊಂಟಕ್ಕೆ ಕೈ ಕೊಟ್ಟುಕೊಂಡು ಅಕ್ಕ ತಿರುಗಿ ಬಂದಳು. ಭಾವ ತಲೆಯೆತ್ತಿ ಅವಳನ್ನು ನೋಡಿದರು. ಅದಾದ ಮೇಲೆ ಬಹಳ ಹೊತ್ತು ಕುಟ್ಟಲಿಲ್ಲ, ಮುಚ್ಚಳವನ್ನೂ ತೆರೆಯಲಿಲ್ಲ. ನಾನು ಬಾಗಿಲ ಬಳಿ ಕೂತು ಬೆವರು ಒರೆಸಿಕೊಂಡೆ.

ಹರಾಜಿನ ದಿನ ಬೆಳಗ್ಗೆಯೇ ಮಂಡಿ ತುಂಬಿತ್ತು. ಗಂಟಲಣ್ಣ ಮತ್ತೆ ಕೂಗುತ್ತಾನಂತೆ ಎಂದು ಟೊಮೇಟೊ ಕಡೆಯವರೂ ಬಂದು ನಿಂತಿದ್ದರು. ಕಟ್ಟೆಯ ಮೇಲೆ ಒಂದು ಮೇಜು, ಅದರ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಸುತ್ತಿಗೆ. ಅಕ್ಕ ಕಟ್ಟೆಯ ಕೆಳಗೆ, ಕೈಚೀಲದಲ್ಲಿ ಶುಭ್ರ ಬಟ್ಟೆ, ಇಕ್ಕಳ ಇಟ್ಟುಕೊಂಡು ನಿಂತಿದ್ದಳು. ವೇಗವನ್ನು ನಾನು ತುದಿಯವರೆಗೆ ಏರಿಸಿದ್ದೆ. ಇನ್ನು ಎಲ್ಲವೂ ಭಾವನ ಕೈಯಲ್ಲಿತ್ತು. ಮುಚ್ಚಬೇಕಾದಾಗ ಅವರು ಮುಚ್ಚದಿದ್ದರೆ ನಡುಹರಾಜಿನಲ್ಲಿ ಕಥೆ ಮುಗಿಯಿತು ಎಂದೇ ಲೆಕ್ಕ.

ಸುತ್ತಿಗೆ ಬಿತ್ತು, ಗದ್ದಲ ನಿಂತಿತು. ಅಷ್ಟರೊಳಗೆ ಲ್ಯಾಪ್‌ಟಾಪ್ ಎಚ್ಚೆತ್ತಿತ್ತು. ಆ ದನಿ ಮಂಡಿಯ ತಗಡಿನ ಮಾಡಿಗೆ ಬಡಿದು ಕೆಳಗಿಳಿದಾಗ ಮುಂದೆ ನಿಂತಿದ್ದ ಒಬ್ಬ ಮುದುಕ ಖರೀದಿದಾರ ಕಣ್ಣೊರೆಸಿಕೊಂಡ. "ಅಳ್ಬೇಡಿ ಯಜಮಾನ್ರೆ, ಈರುಳ್ಳಿ ಇನ್ನೂ ಬಿಚ್ಚಿಲ್ಲ," ಎಂದಿತು ಲ್ಯಾಪ್‌ಟಾಪ್. ಮಂಡಿಗೆ ಮಂಡಿಯೇ ನಕ್ಕಿತು. ದರ ಏರಿತು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ, ಸುತ್ತಿಗೆ. ಭಾವ ಮುಚ್ಚಳ ಮುಚ್ಚಿದರು.

ಹೀಗೆ ಲಾಟಿನ ಮೇಲೆ ಲಾಟು ಹೋಯಿತು. ಪ್ರತಿ ಲಾಟಿನ ನಡುವೆ ಭಾವ ದನಿಯಿಲ್ಲದೆ ಅಷ್ಟು ಜನರ ಮುಂದೆ ನಿಂತರು. ಆಗೆಲ್ಲ ಅವರ ಕಣ್ಣು ಒಂದು ಸಲ ಕೆಳಗೆ ಅಕ್ಕನನ್ನು ಹುಡುಕಿ, ಕಂಡ ಮೇಲೆ ಮೂಟೆಯ ಕಡೆ ಹೋಗುತ್ತಿತ್ತು.

ಹರಾಜು ಮುಕ್ಕಾಲು ಮುಗಿದಿತ್ತು. ಮೂಟೆ ಕೊಡವಿದ ಧೂಳು ಎದ್ದು ಭಾವನಿಗೆ ಕೆಮ್ಮು ಬಂತು. ಅವರು ಬಾಗಿದರು. ಕುತ್ತಿಗೆಯ ಹತ್ತಿರ ಸಿಳ್ಳೆಯ ಸದ್ದು ಎದ್ದು, ಆಮೇಲೆ ಅದೂ ನಿಂತಿತು. ಮುಖ ಕಪ್ಪಿಡತೊಡಗಿತು. ಅವರ ಕೈ ಮುಚ್ಚಳದ ಕಡೆ ಹೋದದ್ದನ್ನು ನಾನು ಕಂಡೆ. ಬೆರಳು ಮುಚ್ಚಳದ ಅಂಚು ಮುಟ್ಟಿತು. ಅಲ್ಲಿಂದ ಸರಿದು ಸುತ್ತಿಗೆ ಹಿಡಿದು ಮೇಜಿಗೆ ಕುಟ್ಟಿತು.

ಒಂದೇ ಪೆಟ್ಟು. ಅಕ್ಕ ಆಗಲೇ ಮೆಟ್ಟಿಲ ಮೇಲಿದ್ದಳು. ಅಷ್ಟು ಗಂಡಸರ ಎದುರು ಗಂಡನ ಗಲ್ಲ ಎತ್ತಿ, ಬಟ್ಟೆ ಸರಿಸಿ, ನಳಿಕೆ ಹೊರಗೆಳೆದು, ಕಫ ತೆಗೆದು, ಒರೆಸಿ, ಮತ್ತೆ ಕೂರಿಸಿದಳು. ಭಾವನ ಎದೆ ದೊಡ್ಡದಾಗಿ ಏರಿ ಇಳಿಯಿತು. ಸ್ವಲ್ಪ ಹೊತ್ತು ಅವಳ ಹೆಗಲು ಹಿಡಿದು ನಿಂತರು. ಕಾರ್ಯದರ್ಶಿ ನಿಲ್ಲಿಸೋಣವೇ ಎನ್ನುವ ಹಾಗೆ ನನ್ನ ಮುಖ ನೋಡಿದರು. ನಾನು ಭಾವನ ಕಡೆ ಬೆರಳು ತೋರಿಸಿದೆ. ಭಾವ ಆರಾಮವಾಗಿ ಮುಚ್ಚಳ ತೆರೆದು, ಅದು ಏಳುವವರೆಗೆ ಕಾದು, ಎರಡು ಬೆರಳಿನಲ್ಲಿ ಕುಟ್ಟಿದರು.

"ಇವರು ಮಾರಾಟಕ್ಕಿಲ್ಲ," ಎಂದಿತು ಅದು, ಹರಾಜಿನ ಅದೇ ರಾಗದಲ್ಲಿ. "ಮುಂದಿನ ಲಾಟು!"

ಅಕ್ಕ ನಾಚಿ ಕೆಂಪಾಗಿ ಮೆಟ್ಟಿಲಿಳಿದು ಬಂದು ನನ್ನ ಬೆನ್ನ ಹಿಂದೆ ನಿಂತುಕೊಂಡಳು. ಕೊನೆಯ ಲಾಟು ಹೋದಾಗಲೂ ಬ್ಯಾಟರಿಯಲ್ಲಿ ಸ್ವಲ್ಪ ಉಳಿದಿತ್ತು. "ನಾಳೆಯಿಂದ ಬನ್ನಿ," ಎಂದರು ಕಾರ್ಯದರ್ಶಿ. ಭಾವ ತಲೆಯಾಡಿಸಿದರು. ಕುಣಿದಾಡುವ ಶಕ್ತಿ ಅಲ್ಲಿ ಯಾರಿಗೂ ಉಳಿದಿರಲಿಲ್ಲ. ಮೂವರೂ ಬಸ್ಸಿನಲ್ಲಿ ತೂಕಡಿಸುತ್ತಾ ಮನೆಗೆ ಬಂದೆವು.

ಅಕ್ಕ ಚಪ್ಪಲಿ ಬಿಟ್ಟವಳೇ "ಐದು ನಿಮಿಷ ಅಡ್ಡ ಆಗ್ತೀನಿ, ಆಮೇಲೆ ಊಟಕ್ಕೆ ಹಾಕ್ತೀನಿ" ಎಂದು ಕೋಣೆಗೆ ಹೋದಳು. ನಾನು ಮುಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್‌ಗೆ ಚಾರ್ಜರ್ ಸಿಕ್ಕಿಸಿದೆ. ಸಿಕ್ಕಿಸಿದ ಮೇಲೆ ಮುಚ್ಚಿಡುವ ಕಾರಣವಿರಲಿಲ್ಲ, ಕರೆಂಟಿಗೇನು ಬರವಿರಲಿಲ್ಲ. ಆದರೂ ಭಾವ ಅದರ ಮುಚ್ಚಳವನ್ನು ಮೆಲ್ಲಗೆ ಒತ್ತಿ ಮುಚ್ಚಿದರು. ಫ್ಯಾನು ನಿಂತಿತು. ಆ ಮನೆಯಲ್ಲಿ ಅಷ್ಟೊಂದು ನಿಶ್ಶಬ್ದವನ್ನು ನಾನು ಕೇಳಿ ಒಂದು ವರ್ಷದ ಮೇಲಾಗಿತ್ತು.

ಆ ನಿಶ್ಶಬ್ದದಲ್ಲಿ ಒಳಗಿನಿಂದ ಅಕ್ಕನ ಗೊರಕೆ ಕೇಳಿಸಿತು. ಸಣ್ಣದಲ್ಲ, ಮೂಟೆ ಎಳೆದ ಹಾಗೆ.

ಭಾವನಿಗೆ ಹಸಿವಾಗಿತ್ತು. ನನಗೂ ಆಗಿತ್ತು. ಸುತ್ತಿಗೆ ಅವರ ಕೈಗೆಟುಕುವಷ್ಟು ಹತ್ತಿರವೇ ಇತ್ತು. ನಾನು ಅಕ್ಕನನ್ನು ಎಬ್ಬಿಸಲು ಎದ್ದೆ. ಭಾವ ನನ್ನ ಅಂಗಿ ಹಿಡಿದು ಕೂರಿಸಿ, ತುಟಿಯ ಮೇಲೆ ಬೆರಳಿಟ್ಟರು. ತಾವೇ ತುದಿಗಾಲಿನಲ್ಲಿ ಹೋಗಿ, ಪಾತ್ರೆ ಸದ್ದಾಗದ ಹಾಗೆ ಎರಡು ತಟ್ಟೆಗೆ ಅನ್ನ ಹಾಕಿ ತಂದರು. ಇಬ್ಬರೂ ನೆಲದ ಮೇಲೆ ಕೂತು ತಣ್ಣಗಾದ ಊಟ ಮಾಡಿದೆವು. ಗೊರಕೆ ಇನ್ನಷ್ಟು ಏರಿತು. ಭಾವ ಕೋಣೆಯ ಕಡೆ ಬೆರಳು ತೋರಿಸಿ, ಎಷ್ಟಕ್ಕೆ ಕೊಳ್ಳುತ್ತೀಯ ಎನ್ನುವ ಹಾಗೆ ನನ್ನತ್ತ ಅಂಗೈ ಚಾಚಿದರು.

ನಾನು ಒಂದು ಬೆರಳು ಎತ್ತಿದೆ. ಅವರು ಅವಮಾನವಾದವರ ಹಾಗೆ ಮುಖ ಊದಿಸಿದರು. ಎರಡು ಎತ್ತಿದೆ. ಸಾಲದು ಎಂದು ತಲೆಯಾಡಿಸಿದರು. ಎರಡೂ ಕೈಯ ಹತ್ತು ಬೆರಳನ್ನೂ ಎತ್ತಿದೆ. ಭಾವನ ಭುಜಗಳು ಸದ್ದಿಲ್ಲದ ನಗುವಿಗೆ ಕುಲುಕಿದವು, ಕಣ್ಣಲ್ಲಿ ನೀರು ಬಂದಿತ್ತು. ಬೇಡ, ಕೊಡುವುದಿಲ್ಲ ಎಂದು ಕೈಯಾಡಿಸಿ ಹರಾಜು ಮುಗಿಸಿದರು. ಸುತ್ತಿಗೆಯನ್ನು ಎತ್ತಿ ಮೂರು ಸಲ ಕುಟ್ಟಿದರು, ನೆಲಕ್ಕೆ ಮುಟ್ಟಿಸದೆ.